ಗೌಡರ ಸಕಲಯಂತ್ರ ಮತ್ತು ಒಂದು ಚಮಚ ಹೆಪ್ಪು

ಪ್ರಮೀಳ ಹಾಲಿನೊಳಗೆ ಕಿರುಬೆರಳು ಅದ್ದಿ ಬಿಸಿ ನೋಡುತ್ತಿದ್ದಳು. ಇನ್ನೂ ಒಂದಿಷ್ಟು ಆರಬೇಕಿತ್ತು. ಹೆಪ್ಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಚಮಚದಲ್ಲಿ ಮೊಸರನ್ನು ಮೆಲ್ಲಗೆ ಕದಡುತ್ತಿರುವಾಗ ಹಿತ್ತಲ ಕೋಣೆಯಿಂದ ಯಾರೋ ಕೇಳಿದರು.

“ಚಳಿ ಆಗ್ತಿದೆಯಾ? ಇನ್ನೊಂದು ಸ್ವಲ್ಪ ಬೆಚ್ಚಗೆ ಮಾಡ್ಲಾ?”

ದನಿ ಅವಳದೇ ಆಗಿತ್ತು.

ಪ್ರಮೀಳ ಚಮಚವನ್ನು ಕೆಳಗಿಟ್ಟು ತನ್ನ ಬಾಯನ್ನು ಮುಟ್ಟಿ ನೋಡಿಕೊಂಡಳು. ಮುಚ್ಚಿಯೇ ಇತ್ತು. ಅಷ್ಟರಲ್ಲಿ ಗಂಡ ಹೊಂಬೇಗೌಡರು ಅದೇ ಕೋಣೆಯಿಂದ, ಎಷ್ಟೋ ವರ್ಷಗಳಿಂದ ಅವಳು ಕೇಳಿರದ ಅಕ್ಕರೆಯಲ್ಲಿ, “ಬೇಡ ಬೇಡ, ಈಗ ಹಿತವಾಗಿದೆ” ಎಂದು ಉತ್ತರ ಕೊಡುವುದು ಕೇಳಿಸಿತು.

ಆಗ ಅವಳಿಗೆ ಹಿಂದಿನ ತಿಂಗಳ ಆ ಮಧ್ಯಾಹ್ನ ನೆನಪಾಯಿತು. ಗೌಡರು ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ಮೈಕು ನಿಲ್ಲಿಸಿ, ಒಂದು ಹಾಳೆಯಲ್ಲಿದ್ದದ್ದನ್ನು ಓದಿಸಿದ್ದರು. ಚಳಿ, ಸೆಕೆ, ಹಸಿವು, ಗಾಳಿ, ಮುಚ್ಚಳ, ಪಾತ್ರೆ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು. ಅವಳು ಒಂದೊಂದನ್ನು ಹೇಳಿದಾಗಲೂ ಗೌಡರು ಕಣ್ಣು ಮುಚ್ಚಿ, ಕಿವಿಗೊಟ್ಟು ಕೇಳಿ, ಇನ್ನೊಂದು ಸಲ ಹೇಳು, ಅವಸರ ಮಾಡಬೇಡ, ಚೆನ್ನಾಗಿದೆ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲೂ ಆ ಮನುಷ್ಯ ಅವಳ ಮಾತನ್ನು ಹಾಗೆ ಕೇಳಿದ್ದಿಲ್ಲ. ಮಾರನೆಯ ದಿನವೂ ಕರೆಯಬಹುದೆಂದು ಪ್ರಮೀಳ ಬೆಳಿಗ್ಗೆಯೇ ನೀಲಿ ಅಂಚಿನ ಸೀರೆ ಉಟ್ಟಿದ್ದಳು. ಮಧ್ಯಾಹ್ನದವರೆಗೆ ಕಾದು, ಕೊನೆಗೆ ತಾನೇ ಹೋಗಿ ಬಾಗಿಲಲ್ಲಿ ನಿಂತಾಗ ಗೌಡರು ತಲೆಯೆತ್ತದೆ, ಸಾಕು, ನಿನ್ನೆಯದರಲ್ಲೇ ಎಲ್ಲ ಸಿಕ್ಕಿದೆ ಎಂದಿದ್ದರು.

ಎಲ್ಲ ಸಿಕ್ಕಿದ್ದು ಇದಕ್ಕೆ.

*

ಇದು ಶುರುವಾದದ್ದು ಬಿಯರಿನಿಂದ. ಗೌಡರು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದು ನಿವೃತ್ತರಾದವರು. ಜೀವನವಿಡೀ ಕಬ್ಬಿನ ಹಾಲಿನ ಸಿಹಿ ಅಳೆದು ಅಳೆದು ಅವರಿಗೆ ಸಿಹಿಯ ಮೇಲೆಯೇ ಬೇಸರ ಬಂದಿತ್ತು. ಮನೆಗೆ ಬಂದವರೇ, ರಾಗಿಯಲ್ಲಿ ಬಿಯರ್ ಮಾಡುತ್ತೇನೆಂದು ಹೊರಟರು. ಹಿಂದೆ ಇದೇ ಉತ್ಸಾಹದಲ್ಲಿ ಅವರು ಮಾಡಿದ ಸ್ವಯಂಚಾಲಿತ ಒಬ್ಬಟ್ಟಿನ ಯಂತ್ರ ಒಂದು ಒಬ್ಬಟ್ಟನ್ನು ಫ್ಯಾನಿನ ರೆಕ್ಕೆಗೆ ಅಂಟಿಸಿತ್ತು. ಅದು ಆ ಫ್ಯಾನಿನ ಆಯುಸ್ಸು ಮುಗಿಯುವವರೆಗೂ ತಿರುಗುತ್ತಲೇ ಇತ್ತು.

ಬಿಯರಿಗೆ ಮೊದಲು ಪಾತ್ರೆ ಬೇಕು. ಬರೀ ಪಾತ್ರೆಯಲ್ಲ; ಕಾಳು ನೆನೆಸುವುದು, ಕುದಿಸುವುದು, ಸೋಸುವುದು, ಆರಿಸುವುದು, ಹುದುಗಿಸುವುದು ಎಲ್ಲವನ್ನೂ ತಾನೇ ಮಾಡುವ ಪಾತ್ರೆ. ಅಂಥವು ಮಾರುಕಟ್ಟೆಯಲ್ಲಿ ಬೇಕಾದಷ್ಟಿದ್ದವು. ಪಕ್ಕದ ಮನೆಯ ಚೆಲುವರಾಜು ಸಂಜೆ ಸಂಜೆ ಬಂದು ಆಯ್ಕೆಗೆ ಕೂರುತ್ತಿದ್ದರು. ವಿದ್ಯುತ್ ಇಲಾಖೆಯಲ್ಲಿದ್ದವರು, ಯಾವ ಯಂತ್ರ ಕಂಡರೂ ಅದು ಎಷ್ಟು ಕರೆಂಟು ಕುಡಿಯುತ್ತದೆ ಎಂಬುದೇ ಅವರಿಗೆ ಚಿಂತೆ. ಒಂದು ತಿಂಗಳು ಇಬ್ಬರೂ ಹೆಣ್ಣು ನೋಡುವವರ ಹಾಗೆ ಒಂದೊಂದು ಯಂತ್ರದ ಚಿತ್ರ ಮುಂದಿಟ್ಟುಕೊಂಡು ಜಗಳವಾಡಿದರು. ಎತ್ತರದ್ದಕ್ಕೆ ಪಂಪು ಸರಿಯಿಲ್ಲ, ಗಿಡ್ಡದ್ದಕ್ಕೆ ತಳ ಹಿಡಿಯುತ್ತದೆ, ಪರದೇಶದ್ದು ನಮ್ಮ ವೋಲ್ಟೇಜಿಗೆ ಎದೆಯೊಡೆದು ಸಾಯುತ್ತದೆ, ಅಗ್ಗದ್ದರ ತಂಪು ಕೊಳವೆ ಬಳೆಯಂಗಡಿಯಲ್ಲಿ ಸಿಗುವಂತಿದೆ. ಮಧ್ಯೆ ಚೆಲುವರಾಜು, ಮನೆಯಲ್ಲಿ ಬಿಯರ್ ಮಾಡಿದರೆ ಅಬಕಾರಿಯವರು ಬರುವುದಿಲ್ಲವೇ ಎಂದರು. ಇದು ಸಂಶೋಧನೆ ಎಂದರು ಗೌಡರು. ಅವರೂ ಸಂಶೋಧನೆಗೇ ಬರೋದು ಎಂದರು ಚೆಲುವರಾಜು.

ಪ್ರಮೀಳ ಕಾಫಿ ತಂದಿಟ್ಟು, ಲೋಟ ಎತ್ತಿಕೊಂಡು ಹೋಗುತ್ತಿದ್ದಳು. ಮಧ್ಯೆ ಒಮ್ಮೆ, ಗಿಡ್ಡದ್ದೇ ಚೆನ್ನಾಗಿದೆ ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಕೊನೆಗೆ ಒಂದು ದಿನ ಗೌಡರು ಚಿತ್ರಗಳನ್ನೆಲ್ಲ ಪಕ್ಕಕ್ಕೆ ತಳ್ಳಿದರು.

“ಎಲ್ಲದರಲ್ಲೂ ಒಂದೇ ಕೊರತೆ ಕಣಯ್ಯಾ ಚೆಲುವರಾಜು. ಕೆಲಸ ಎಲ್ಲ ಮಾಡ್ತವೆ, ಆದರೆ ಒಂದೂ ವಿಚಾರಿಸಿಕೊಳ್ಳಲ್ಲ. ಯೀಸ್ಟ್ ಅನ್ನೋದು ಜೀವ. ಒಳಗೆ ಒಂದೇ ಕೂತಿರುತ್ತೆ. ಹೇಗಿದ್ದೀಯಾ ಅಂತ ಯಾರಾದರೂ ಕೇಳಬೇಕೋ ಬೇಡವೋ?”

ಲೋಟ ಎತ್ತಿಕೊಳ್ಳುತ್ತಿದ್ದ ಪ್ರಮೀಳ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋದಳು. ಹೀಗೆ ಯಾವುದನ್ನೂ ಆರಿಸದೆ, ಗೌಡರು ತಾವೇ ಒಂದನ್ನು ಕಟ್ಟಿದರು. ಅದಕ್ಕೆ ಸಕಲ ಎಂದು ಹೆಸರಿಟ್ಟರು.

*

“ಬಾರೇ ಪ್ರಮೀಳಾ, ಚೆಲುವರಾಜೂ ಬಂದಿದ್ದಾರೆ!”

ಹಾಲಿಗೆ ಹೆಪ್ಪು ಹಾಕಿ ಮುಚ್ಚಳ ಮುಚ್ಚಿ ಪ್ರಮೀಳ ಹಿತ್ತಲ ಕೋಣೆಗೆ ಹೋದಳು. ಸಕಲ ಗ್ಯಾಸ್ ಸಿಲಿಂಡರಿನ ಗಾಲಿಗಾಡಿಯ ಮೇಲೆ ನಿಂತಿತ್ತು. ಮದುವೆಮನೆಯ ಕಾಫಿ ಡ್ರಮ್ಮಿನಷ್ಟು ದೊಡ್ಡ ಸ್ಟೀಲಿನ ಹೊಟ್ಟೆ, ಪಕ್ಕದಲ್ಲಿ ಕಲಕುವ ಕೈ, ಮುಂದೆ ಆನೆಯ ಸೊಂಡಿಲಿನಂತೆ ಬಾಗುವ ಕೊಳವೆ, ಅದರ ತುದಿಗೆ ತಾಮ್ರದ ಆಲಿಕೆ. ಗೌಡರು ಅದನ್ನು ಮೂಗು ಎಂದರು. ಎಲ್ಲಿ ಏನು ಹುದುಗು ಬರುತ್ತಿದ್ದರೂ ಅದರ ಶಾಖ, ಅನಿಲ, ವಾಸನೆ ಮೂರನ್ನೂ ಈ ಮೂಗು ಹಿಡಿಯುತ್ತದೆ, ಹಿಡಿದು, ಅದಕ್ಕೇನು ಬೇಕೋ ವಿಚಾರಿಸುತ್ತದೆ, ಬೇಕಾದದ್ದು ಕೊಡುತ್ತದೆ, ರಾತ್ರಿ ಮಲಗುವ ಮುಂಚೆ ಎಲ್ಲ ಪಾತ್ರೆಗಳನ್ನೂ ಎಣಿಸಿ ಕ್ಷೇಮಸಮಾಚಾರ ಹೇಳುತ್ತದೆ.

ಚೆಲುವರಾಜು ಮಾತ್ರ, ಅಕ್ಕನವರ ದನಿ ಯಾಕೆ ಗೌಡ್ರೇ, ರೈಲ್ವೆಯವರ ಹಾಗೆ ಯಾರದಾದರೂ ಹಾಕಬಹುದಿತ್ತಲ್ಲ ಎಂದು ಕೇಳಿದರು.

“ಬೇರೆಯವರ ದನಿ ಕೇಳಿದರೆ ಯೀಸ್ಟ್ ಬೆಚ್ಚಿಬಿದ್ದೀತು” ಎಂದರು ಗೌಡರು, ನಟ್ಟು ಬಿಗಿಸುತ್ತಲೇ. “ಈ ಮನೇಲಿ ಯಾವತ್ತೂ ಯಾರನ್ನೂ ಗದರದ ದನಿ ಅಂದ್ರೆ ಇದೊಂದೇ.”

ಪ್ರಮೀಳ ಗಂಡನ ಕಡೆ ನೋಡಿದಳು. ಇವರಿಗೆ ಇದು ಗೊತ್ತಿತ್ತೇ? ಗೊತ್ತಿದ್ದೂ, ಈ ಮಾತನ್ನು ತನಗೆ ಹೇಳದೆ ಚೆಲುವರಾಜುವಿಗೆ ಹೇಳಿದರೇ?

ಸಕಲದೊಳಗೆ ಮೊಳಕೆ ರಾಗಿಯ ರಸ ಗುಳುಗುಳು ಎನ್ನುತ್ತಿತ್ತು. ಆದರೆ ಪಾರ್ಸೆಲ್ಲಿನಲ್ಲಿ ಬಂದ ಯೀಸ್ಟ್ ದಾರಿಯ ಬಿಸಿಲಿಗೆ ಸತ್ತೇಹೋಗಿತ್ತು. ಸಕಲ ಮೂಗು ಹಾಕಿ ನೋಡಿ, ವ್ಯಸನದಿಂದ, “ಉಸಿರಿಲ್ಲ” ಎಂದಿತು. ಗೌಡರು ಒಂದು ನಿಮಿಷ ತಲೆ ಕೆರೆದುಕೊಂಡು, ಅಡುಗೆಮನೆಗೆ ಹೋಗಿ, ನಾಳೆಯ ದೋಸೆಗೆಂದು ಇಟ್ಟಿದ್ದ ಹಿಟ್ಟಿನಲ್ಲಿ ಒಂದು ಸೌಟು ತಂದು ಒಳಗೆ ಸುರಿದುಬಿಟ್ಟರು. ಹುದುಗೆಲ್ಲ ಒಂದೇ ತಾನೆ ಎಂದರು.

ಗೌಡರ ಮಟ್ಟಿಗೆ ಅದೊಂದು ಸಣ್ಣ ಹೊಂದಾಣಿಕೆ. ಸಕಲದ ಮಟ್ಟಿಗೆ ಅದು ಬಂಧುಬಳಗದ ಪರಿಚಯ. ಆ ಒಂದು ಸೌಟಿನಿಂದ ಅದಕ್ಕೆ ತನ್ನ ಹೊಟ್ಟೆಯಲ್ಲಿರುವುದರ ನೆಂಟರು ಈ ಮನೆಯಲ್ಲಿ ಬೇರೆಲ್ಲೋ ಇದ್ದಾರೆಂದು ತಿಳಿದುಹೋಯಿತು.

ಗಾಲಿಗಳು ಕಿರ್ರೆಂದವು. ಸಕಲ ಚೆಲುವರಾಜುವನ್ನು ಪಕ್ಕಕ್ಕೆ ಸರಿಸಿ, ಹೊಸ್ತಿಲು ದಾಟಿ, ಅಡುಗೆಮನೆಗೆ ನಡೆಯಿತು. ದೋಸೆಹಿಟ್ಟಿನ ಡಬರಿಯ ಮುಚ್ಚಳ ತೆಗೆದು ಮೂಗು ತೂರಿಸಿ, “ಅಯ್ಯೋ, ಇಲ್ಲೇ ಇದ್ದೀಯಾ?” ಎಂದು ಬಿಸಿಗಾಳಿ ಊದಲಾರಂಭಿಸಿತು. ಯಾರೂ ಏನೂ ಹೇಳುವ ಮೊದಲೇ ಹಿಟ್ಟು ಡಬರಿಯಿಂದೆದ್ದು, ಕಟ್ಟೆಯ ಮೇಲೆ ಇಳಿದು, ಗ್ಯಾಸ್ ಒಲೆಯನ್ನು ಬಳಸಿಕೊಂಡು, ಸಾಂಬಾರಪುಡಿಯ ಡಬ್ಬಿಯನ್ನು ತೇಲಿಸಿಕೊಂಡು ಹೊರಟಿತು. ಚೆಲುವರಾಜು ಎರಡು ಪಾತ್ರೆ ಕೈಯಲ್ಲಿ ಹಿಡಿದು ತಡೆಯಲು ನಿಂತದ್ದೇ ಬಂತು. ಮಾರನೆಯ ದಿನ ಇಡೀ ಬೀದಿಗೆ ದೋಸೆ ಹುಯ್ದರೂ ಹಿಟ್ಟು ಉಳಿಯಿತು. ದೋಸೆಗಳೇನೋ ಹಗುರವಾಗಿದ್ದವು, ತಟ್ಟೆಯಲ್ಲಿ ಚಟ್ನಿಯ ಭಾರವಿಟ್ಟೇ ಬಡಿಸಬೇಕಾಯಿತು.

ಹಿಟ್ಟು ಉಕ್ಕಿದ ರಾತ್ರಿ ದೀಪ ಆರಿಸುವ ಮುಂಚೆ ಹಿತ್ತಲ ಕೋಣೆಯಿಂದ ಅವಳ ದನಿ ಹೇಳಿತು: “ಎರಡು ಪಾತ್ರೆ. ಎರಡೂ ಕ್ಷೇಮ.”

ಗೌಡರು ಮಂಚದಿಂದಲೇ, “ಭೇಷ್, ಮಲಕ್ಕೋ” ಎಂದರು. ಪ್ರಮೀಳ ಗೋಡೆಯ ಕಡೆ ತಿರುಗಿಕೊಂಡಳು.

*

ಹೆಪ್ಪಿನ ವಿಷಯ ಬೇರೆ.

ಆ ಹೆಪ್ಪು ಅವಳ ಅತ್ತೆಯದು. ಅತ್ತೆಗೆ ಅವರ ಅತ್ತೆಯಿಂದ ಬಂದದ್ದು. ದಿನ ಸಂಜೆ ಹೊಸ ಹಾಲಿಗೆ ಹಳೆಯ ಮೊಸರಿನ ಒಂದು ಚಮಚ, ನಡುವೆ ಒಂದು ದಿನವೂ ತಪ್ಪದೆ. ಬೀದಿಯ ಅರ್ಧ ಮನೆಗಳ ಮೊಸರು ಅದರಿಂದಲೇ ಹುಟ್ಟಿದ್ದು. ಬೆಳಿಗ್ಗೆ ಯಾರು ಬಟ್ಟಲು ಹಿಡಿದು ಬಂದರೂ ಪ್ರಮೀಳ ಕೊಡುತ್ತಿದ್ದಳು. ದೀಪ ಹಚ್ಚಿದ ಮೇಲೆ ಮಾತ್ರ ಹೆಪ್ಪು ಹೊಸ್ತಿಲು ದಾಟುವಂತಿರಲಿಲ್ಲ. ಅದು ಅತ್ತೆ ಹಾಕಿಕೊಟ್ಟ ಕಟ್ಟು. ಮಕ್ಕಳಿಲ್ಲದ ಮನೆಯಲ್ಲಿ ದಿನಾ ಅವಳ ಕೈಯನ್ನು ಕಾಯುತ್ತಿದ್ದದ್ದು ಆ ಬಟ್ಟಲೊಂದೇ.

ಕಾರವಾರದ ವಿಮಲಳಿಗೂ ಅವಳು ಇದನ್ನೇ ಹೇಳುತ್ತ ಬಂದಿದ್ದಳು. ವಿಮಲ ಅವಳೊಂದಿಗೆ ಮೈಸೂರಿನಲ್ಲಿ ಓದಿದವಳು. ಅಂಚೆ ಕಚೇರಿಯಲ್ಲಿದ್ದು ನಿವೃತ್ತಳಾಗಿ, ಕಡಲಿಗೆ ಹತ್ತಿರ ಒಂದು ಪುಟ್ಟ ಮನೆ ಮಾಡಿಕೊಂಡಿದ್ದಳು. ಭಾನುವಾರ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಹಟ: ಬಾ, ಒಂದು ತಿಂಗಳು ಇದ್ದು ಹೋಗು. ಪ್ರಮೀಳಳದೂ ಒಂದೇ ಉತ್ತರ: ಹೆಪ್ಪು ಯಾರು ನೋಡ್ತಾರೆ?

“ಲೇ ಪಮ್ಮಿ” ಎಂದಿದ್ದಳು ವಿಮಲ ಹೋದ ಭಾನುವಾರ. “ಮೊಸರು ನೆಪ ಕಣೇ. ನೀನು ಬರದಿದ್ದರೆ ಬರಬೇಡ. ಆದರೆ ಈ ಮನೆ ನಾನಿಲ್ಲದಿದ್ದರೆ ನಿಂತುಹೋಗುತ್ತೆ ಅಂತ ಮಾತ್ರ ಅಂದ್ಕೋಬೇಡ. ನಾನು ರಜೆ ಹಾಕಿದ ದಿನವೂ ಟಪಾಲು ಹೋಗ್ತಿತ್ತು.”

ನಿಂತುಹೋಗದಿರಲಿ, ಒಂದಿಷ್ಟು ಕುಂಟಲಾದರೂ ಕುಂಟೀತು ಎಂದು ಪ್ರಮೀಳಳ ನಂಬಿಕೆ. ಆ ನಂಬಿಕೆಯ ಮೇಲೆಯೇ ಅವಳು ದಿನಾ ಏಳುತ್ತಿದ್ದಳು.

ಅದನ್ನೂ ಸಕಲ ಮುಗಿಸಿತು. ಮರುದಿನ ಸಂಜೆ ಅವಳು ಹೂವು ತರಲು ಹೋಗಿ ಬರುವಷ್ಟರಲ್ಲಿ ಅದು ಅಡುಗೆಮನೆಯಲ್ಲಿ ನಿಂತು, ಹಾಲನ್ನು ಹದಕ್ಕೆ ಆರಿಸಿ, ಕಲಕುವ ಕೈಯಿಂದ ಹೆಪ್ಪು ಹಾಕಿ, ಪಾತ್ರೆಯ ಸುತ್ತ ತನ್ನ ಸೊಂಡಿಲು ಸುತ್ತಿ ಬೆಚ್ಚಗೆ ಕೂತಿತ್ತು. ಹತ್ತಿರ ಹೋದರೆ ಅವಳದೇ ದನಿಯಲ್ಲಿ, “ಶ್, ಮಲಗಿದೆ” ಎಂದಿತು.

ಮಾರನೆಯ ಮಧ್ಯಾಹ್ನ ಗೌಡರು ಮೊಸರನ್ನದ ಎರಡನೆಯ ತುತ್ತಿಗೆ ಕೈ ನಿಲ್ಲಿಸಿದರು. ತಟ್ಟೆಯನ್ನು ನೋಡಿದರು. ಅವಳನ್ನು ನೋಡಿದರು.

“ಇವತ್ತು ಮೊಸರು ಎಷ್ಟು ಚೆನ್ನಾಗಿದೆಯೇ!”

ಮದುವೆಯಾದಂದಿನಿಂದ ಗೌಡರು ಮೊಸರಿನ ಬಗ್ಗೆ ಆಡಿದ ಮೊದಲ ಮಾತು ಅದು. ಪ್ರಮೀಳ, ಇನ್ನೊಂದು ಸ್ವಲ್ಪ ಹಾಕಲೇ ಎಂದು ಕೇಳಿ ಹಾಕಿದಳು. ಯಾರು ಮಾಡಿದ್ದೆಂದು ಹೇಳಲಿಲ್ಲ. ತಾನೂ ಒಂದು ಬೆರಳು ರುಚಿ ನೋಡಿದಳು. ನಿಜವಾಗಿಯೂ ಚೆನ್ನಾಗಿತ್ತು, ಕತ್ತರಿಸಿದರೆ ಹೋಳಾಗುವಷ್ಟು ಗಟ್ಟಿ, ಹುಳಿಯೇ ಇಲ್ಲ.

ಅವತ್ತು ಸಂಜೆ ಅವಳಿಗೆ ಮಾಡಲು ಕೆಲಸವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು ತನ್ನ ದನಿ ಹಾಲನ್ನು ಮಾತಾಡಿಸುವುದನ್ನು ಕೇಳಿಸಿಕೊಂಡಳು. ಹಸಿವಾ? ಸೆಕೆಯಾ? ಇವತ್ತು ಹೇಗಿದ್ದೀಯಾ? ಒಮ್ಮೆ ಮರೆತು, “ಪರವಾಗಿಲ್ಲ” ಎಂದು ತಾನೇ ಉತ್ತರ ಕೊಟ್ಟುಬಿಟ್ಟಳು. ಸಕಲ ಮೂಗು ಎತ್ತಿ ಒಂದು ಕ್ಷಣ ಅವಳ ಕಡೆ ತಿರುಗಿಸಿತು. ಆಮೇಲೆ ಮತ್ತೆ ಹಾಲಿನತ್ತ ಬಗ್ಗಿತು.

“ಮೂರು ಪಾತ್ರೆ. ಮೂರೂ ಕ್ಷೇಮ” ಎಂದಿತು ರಾತ್ರಿ.

*

ಬಿಯರ್ ತಯಾರಾದ ದಿನ ಗೌಡರು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡರು. ಚೆಲುವರಾಜು ಖಾರದ ಕಡಲೆಬೀಜದ ಪೊಟ್ಟಣದೊಂದಿಗೆ ಬಂದರು. ನಲ್ಲಿ ತಿರುಗಿಸಿದಾಗ ಲೋಟಕ್ಕೆ ಇಳಿದದ್ದು ಮಾತ್ರ ರಾಗಿ ಅಂಬಲಿಯ ಬಣ್ಣದ, ಮಜ್ಜಿಗೆಯ ವಾಸನೆಯ, ಸೋಡಾದಂತೆ ಚಟಪಟ ಎನ್ನುವ ಒಂದು ಪದಾರ್ಥ. ಚೆಲುವರಾಜು ಒಂದು ಗುಟುಕು ಕುಡಿದು ಲೋಟವನ್ನು ದೂರ ಸರಿಸಿಟ್ಟರು.

“ಹೇಗಿದೆಯಯ್ಯಾ?”

“ಗೌಡ್ರೇ, ಅಬಕಾರಿಯವರು ಬಂದರೆ ನಿರ್ಭಯವಾಗಿ ಕೊಡಿ. ಇನ್ನೊಂದು ಸಲ ಬರಲ್ಲ.”

ಗೌಡರಿಗೆ ಸಿಟ್ಟು ಬಂತು. ನಿನ್ನ ನಾಲಿಗೆಗೆ ಕರೆಂಟಿನ ರುಚಿ ಬಿಟ್ಟು ಬೇರೇನು ಗೊತ್ತು ಎಂದರು. ಚೆಲುವರಾಜು, ಎತ್ತರದ್ದನ್ನೇ ತಗೊಳ್ಳಿ ಅಂತ ಬಡಕೊಂಡೆ ಎಂದರು. ಗಿಡ್ಡದ್ದು ಅಂದದ್ದು ನೀನು ಎಂದರು ಗೌಡರು. ಇಬ್ಬರ ದನಿಯೂ ಏರುತ್ತಿದ್ದಂತೆ ಆ ಒಂದು ಗುಟುಕು ಚೆಲುವರಾಜುವಿನ ಹೊಟ್ಟೆಯಲ್ಲಿ ಕೆಲಸ ಶುರುಮಾಡಿತು. ಗುಡುಗಿನಂಥ ಒಂದು ಸದ್ದು ಬಂತು.

ಸಕಲ ತಟ್ಟನೆ ತಿರುಗಿತು. ಮೂಗನ್ನು ನೇರ ಚೆಲುವರಾಜುವಿನ ಹೊಕ್ಕುಳಿಗೆ ಒತ್ತಿ, ಕಾತರದಿಂದ, “ನಾಲ್ಕನೇ ಪಾತ್ರೆ! ವಿಪರೀತ ಅನಿಲ. ಮುಚ್ಚಳ ಸಡಿಲಿಸಿ” ಎಂದಿತು. ಕಲಕುವ ಕೈ ಅವರ ಪ್ಯಾಂಟಿನ ಬೆಲ್ಟಿಗೆ ಬಿತ್ತು. ಚೆಲುವರಾಜು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಹಿತ್ತಲನ್ನು ಸುತ್ತಿದರು. ಸಕಲ, “ಹೆದರಬೇಡ, ಹೆದರಬೇಡ” ಎಂದು ಪ್ರಮೀಳಳ ಮೆತ್ತನೆಯ ದನಿಯಲ್ಲಿ ಸಮಾಧಾನ ಹೇಳುತ್ತ ಹಿಂದೆಯೇ ಸುತ್ತಿತು. ಕಾಂಪೌಂಡಿನ ಆಚೆ ತಲೆಗಳು ಎದ್ದವು. ಗೌಡರು ಅಡ್ಡ ನಿಂತು ತಡೆಯಲು ಹೋದಾಗ ಮೂಗು ಅವರ ಎದೆಯ ಮೇಲೆ ಒಮ್ಮೆ, ನೆತ್ತಿಯ ಮೇಲೆ ಒಮ್ಮೆ ಆಡಿತು.

“ಖಾಲಿ ಪಾತ್ರೆ” ಎಂದಿತು ಸಕಲ. “ತೊಳೆದು ಬೋರಲು ಹಾಕಿ.”

ಬೋರಲು ಹಾಕುವ ಕೆಲಸವನ್ನು ಅದು ಕೈಗೆತ್ತಿಕೊಳ್ಳುವ ಮುಂಚೆ ಚೆಲುವರಾಜು ಪ್ಲಗ್ಗು ಹುಡುಕಿ ಕಿತ್ತರು. ಆದರೆ ಸಕಲಕ್ಕೆ ಒಳಗೊಂದು ಬ್ಯಾಟರಿ ಇತ್ತು. ಕರೆಂಟು ಹೋದರೆ ಯೀಸ್ಟ್ ಒಂಟಿಯಾಗಬಾರದೆಂದು ಗೌಡರೇ ಇಟ್ಟದ್ದು. ಗಾಬರಿಗೊಂಡ ಯಂತ್ರ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನೊರೆ ಮಾಡಿ ಮೇಲಕ್ಕೆಸೆಯಿತು. ಹಿತ್ತಲು, ಬಟ್ಟೆ ಒಣಹಾಕಿದ ಹಗ್ಗ, ಕರಿಬೇವಿನ ಗಿಡ, ಇಬ್ಬರು ನಿವೃತ್ತ ನೌಕರರು, ಎಲ್ಲವೂ ಕಂದು ನೊರೆಯೊಳಗೆ ಮುಳುಗಿ, ಕೊನೆಗೆ ಗೌಡರ ಕನ್ನಡಕವೊಂದು ಮೇಲೆ ತೇಲಿತು.

*

ಚೆಲುವರಾಜು ಮನೆಗೆ ಹೋದರು. ಗೌಡರು ಸ್ನಾನ ಮಾಡಿ ಜಗುಲಿಯಲ್ಲಿ ಕೂತು, ಇದು ಸಣ್ಣ ದೋಷ, ಮೂಗಿನ ಸೂಕ್ಷ್ಮತೆ ಸ್ವಲ್ಪ ಹೆಚ್ಚಾಯಿತು ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಹೊಸ ನಕ್ಷೆ ಬರೆಯತೊಡಗಿದರು. ದೇವರ ಮುಂದೆ ದೀಪ ಹಚ್ಚಿ ಬಂದು ಪ್ರಮೀಳ ಸೆರಗು ಸಿಕ್ಕಿಸಿ ಹಿತ್ತಲು ಒರೆಸಲು ಕೂತಳು.

ಸಕಲ ಮೂಲೆಯಲ್ಲಿ, ಏಟು ತಿಂದ ಕರುವಿನಂತೆ ನಿಂತಿತ್ತು. ಅವಳು ಹತ್ತಿರ ಬಂದಾಗ ಅದರ ಮೂಗು ಮೆಲ್ಲಗೆ ಮುಂದೆ ಬಂದು ಅವಳ ಮಣಿಕಟ್ಟಿನ ಮೇಲೆ ಕೂತಿತು. ತಾಮ್ರ ಬೆಚ್ಚಗಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ. ಯಾರಾದರೂ ಹಾಗೆ ಕೈ ಹಿಡಿದು ಬಹಳ ಕಾಲವಾಗಿತ್ತು.

ಬೇರೆ ಪಾತ್ರೆಗಳಿಗೆ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಆಮೇಲೆ ಅವಳ ದನಿ ಅವಳಿಗೆ ಹೇಳಿತು:

“ಜೀವ ಇದೆ. ಚೆನ್ನಾಗಿದೆ. ಬಹಳ ದಿನದಿಂದ ಯಾರೂ ಕದಲಿಸಿಲ್ಲ. ಗಾಳಿ ಬೇಕು. ಪಾತ್ರೆ ಬದಲಿಸಿ.”

ಪ್ರಮೀಳ ಒದ್ದೆ ಬಟ್ಟೆ ಹಿಡಿದು ಹಾಗೆಯೇ ಕೂತಳು. ಅದು ರಾಗಿರಸಕ್ಕೆಂದು ಕಲಿಸಿದ ಮಾತು. ಅವಳೇ ಆ ಮಧ್ಯಾಹ್ನ ಕುರ್ಚಿಯ ಮೇಲೆ ಕೂತು, ಅರ್ಥ ತಿಳಿಯದೆ ಓದಿಕೊಟ್ಟದ್ದು. ತನ್ನ ಬಾಯಿಂದ ಹೊರಟದ್ದು ಇಷ್ಟು ದೂರ ಸುತ್ತಿ ತನ್ನ ಕಿವಿಗೇ ಬಂದಿತಲ್ಲ ಎಂದು ಮೊದಲು ನಗು ಬಂತು. ನಗು ಅರ್ಧಕ್ಕೇ ನಿಂತು, ಕಣ್ಣಲ್ಲಿ ನೀರಾಯಿತು. ಸಕಲ, “ಚಳಿ ಆಗ್ತಿದೆಯಾ?” ಎಂದಿತು. ಇಲ್ಲ ಎಂದು ಅವಳು ತಲೆಯಾಡಿಸಿದಳು.

ಹಿತ್ತಲು ಒರೆಸಿ ಮುಗಿಸಿದಳು. ಜಗುಲಿಯಿಂದ ಗೌಡರು, ಅನ್ನವಾಯಿತೇನೇ ಎಂದು ಕೇಳಿದರು. ಅವಳು ಉತ್ತರ ಕೊಡುವ ಮೊದಲೇ ಸಕಲ, “ಇನ್ನೊಂದು ಸ್ವಲ್ಪ” ಎಂದಿತು. ಗೌಡರು, ಸರಿ ಸರಿ ಎಂದು ನಕ್ಷೆಗೆ ಬಗ್ಗಿದರು. ಯಾರು ಹೇಳಿದ್ದೆಂದು ನೋಡಲಿಲ್ಲ.

ಪ್ರಮೀಳ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಿಟ್ಟಳು. ಮೇಲಿನ ಹಲಗೆಯಿಂದ ಬಿಗಿ ಮುಚ್ಚಳದ ಒಂದು ಸಣ್ಣ ಸ್ಟೀಲಿನ ಡಬ್ಬಿ ಇಳಿಸಿ, ಬಿಸಿನೀರಿನಲ್ಲಿ ತೊಳೆದು, ಒರೆಸಿ, ಮೊಸರಿನ ಪಾತ್ರೆಯ ಪಕ್ಕಕ್ಕಿಟ್ಟಳು. ತುಂಬಲಿಲ್ಲ. ದೀಪ ಹಚ್ಚಿಯಾಗಿತ್ತು, ಹೆಪ್ಪು ಈಗ ಹೊಸ್ತಿಲು ದಾಟುವಂತಿಲ್ಲ. ಕಾರವಾರಕ್ಕೆ ಬೆಳಗಿನ ಬಸ್ಸೇ ಸರಿ. ವಿಮಲಳಿಗೂ ಫೋನು ಬೇಡ; ಬಾಗಿಲು ತಟ್ಟಿದಾಗ ತಿಳಿದರೆ ಸಾಕು.

ಮಲಗುವ ಹೊತ್ತಿಗೆ ಹಿತ್ತಲ ಕೋಣೆಯಿಂದ ಎಣಿಕೆ ಬಂತು. ಬಿಯರು ಚೆಲ್ಲಿಹೋಗಿತ್ತು, ಚೆಲುವರಾಜು ಮನೆಯಲ್ಲಿದ್ದರು. ಸಕಲ ಲೆಕ್ಕ ಹಾಕಿ, “ಮೂರು ಪಾತ್ರೆ” ಎಂದಿತು. ದೋಸೆಹಿಟ್ಟು, ಮೊಸರು ಅಂದರೆ ಎರಡೇ ಆಯಿತಲ್ಲ, ಇದರ ಲೆಕ್ಕವೂ ಕೆಟ್ಟಿತು ಎಂದು ಗೌಡರು ಗೊಣಗಿ, ಮಗ್ಗುಲಾಗಿ ಗೊರಕೆ ಹೊಡೆದರು.

ಪ್ರಮೀಳ ಕತ್ತಲಲ್ಲಿ ತನ್ನ ಮಣಿಕಟ್ಟು ಮುಟ್ಟಿಕೊಂಡು ಮುಗುಳ್ನಕ್ಕಳು. ನಾಳೆಯೂ ಮನೆಯಲ್ಲಿ ತನ್ನ ದನಿ ಇರುತ್ತದೆ, ಮೊಸರು ಇರುತ್ತದೆ. ತಾನಿಲ್ಲವೆಂಬುದು ಗೌಡರಿಗೆ ತಾವಾಗಿ ಹೊಳೆಯುವ ಸಂಭವ ಕಡಿಮೆ. ರಾತ್ರಿ ಸಕಲ ಎಣಿಸಿ ಒಂದು ಪಾತ್ರೆ ಕಡಿಮೆ ಎಂದಾಗ ಗೊತ್ತಾದೀತು. ಆಗಲೂ ಅವರು, ಅಂತೂ ಲೆಕ್ಕ ಸರಿಹೋಯಿತು ಎಂದುಕೊಳ್ಳದಿದ್ದರೆ.